ಹಡಗಿನ ಸರಕೂ ಬರೆದುಕೊಟ್ಟ ಮಾತೂ

ನಮ್ಮ ಭೂಗೋಳದ ಪಾಠಗಳಲ್ಲಿ ಆಮದು-ರಫ್ತುಗಳ ಪಟ್ಟಿಯೊಂದು ಬರುವುದಷ್ಟೆ. ಕಾಫಿ, ಸಂಬಾರ, ಬಟ್ಟೆ ಹೊರಕ್ಕೆ. ಕಚ್ಚಾ ಎಣ್ಣೆ, ಯಂತ್ರ, ಗೊಬ್ಬರ ಒಳಕ್ಕೆ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮಾರನೆಯ ದಿನ ಮರೆತುಬಿಡುತ್ತಾರೆ. ಇದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ಸರಕಿನ ಹೆಸರನ್ನು ಕಲಿಸಿದ ಉಪಾಧ್ಯಾಯರಾದ ನಾವು ಅದರ ಸ್ವಭಾವವನ್ನು ಕಲಿಸಲಿಲ್ಲ. ಸ್ವಭಾವವನ್ನರಿಯದೆ, ಅಥವಾ ಅರಿತೂ ಮರೆಮಾಚಿ, ಸರಕನ್ನು ಸಾಗಿಸಹೊರಟರೆ ಏನಾಗುವುದೆಂಬುದಕ್ಕೆ ನಾವು ವಾಸಿಸುವ ಈ ಮುಂಬಯಿಯೇ ಸಾಕ್ಷಿ.

1944ನೆಯ ಇಸವಿ ಏಪ್ರಿಲ್ 14, ಶುಕ್ರವಾರ. ಮಹಾಯುದ್ಧದ ಕಾಲ. ಇಂಗ್ಲೆಂಡಿನಿಂದ ಹೊರಟು ಕರಾಚಿಯ ಮಾರ್ಗವಾಗಿ ಬಂದ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ವಿಕ್ಟೋರಿಯಾ ಡಾಕಿನಲ್ಲಿ ನಿಂತಿತ್ತು. ಅದರ ಒಡಲಲ್ಲಿ ಸುಮಾರು 1,400 ಟನ್ನು ಸಿಡಿಮದ್ದು. ಅದೊಂದೇ ಆಗಿದ್ದರೆ ಚಿಂತೆಯಿರಲಿಲ್ಲವೇನೋ. ಕರಾಚಿಯಲ್ಲಿ ಅದೇ ಹಡಗಿಗೆ ಹತ್ತಿಯ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಹೇರಿದ್ದರು. ಹತ್ತಿಯ ಬೆಂಕಿ ಒಳಗೊಳಗೇ ಹೊಗೆಯಾಡುತ್ತ ಗಂಟೆಗಟ್ಟಲೆ ಅಡಗಿ ಕೂರಬಲ್ಲುದು. ಅಪಾಯದ ಸರಕುಳ್ಳ ಹಡಗು ಕೆಂಪು ಬಾವುಟವನ್ನು ಏರಿಸಬೇಕೆಂಬ ಪದ್ಧತಿಯಿದ್ದರೂ ಆ ಹಡಗಿನ ಮೇಲೆ ಬಾವುಟ ಕಾಣಿಸಲಿಲ್ಲ. ಮಧ್ಯಾಹ್ನ ಹೊಗೆ ಕಂಡಿತು. ಅಗ್ನಿಶಾಮಕ ದಳದವರು ಬಂದು ನೀರು ಸುರಿದರು. ಬೆಂಕಿ ಎಲ್ಲಿ ಅಡಗಿದೆಯೆಂದೇ ಹೊಗೆಯಲ್ಲಿ ತಿಳಿಯಲಿಲ್ಲ. ನಾಲ್ಕು ಗಂಟೆ ದಾಟಿದ ಮೇಲೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಮತ್ತೊಮ್ಮೆ ಸಿಡಿಯಿತು. ನೂರಾರು ಮಂದಿ ಸತ್ತರು. ಅವರಲ್ಲಿ ಅಗ್ನಿಶಾಮಕ ದಳದವರೇ 66 ಮಂದಿ. ಏಪ್ರಿಲ್ 14ನ್ನು ಭಾರತದಲ್ಲಿ ಇಂದಿಗೂ ಅಗ್ನಿಶಾಮಕ ದಿನವೆಂದು ಆಚರಿಸುವುದು ಇವರ ನೆನಪಿಗಾಗಿ.

ಆ ಹಡಗಿನಲ್ಲಿ ಚಿನ್ನದ ಗಟ್ಟಿಗಳೂ ಇದ್ದವು. ಸ್ಫೋಟದಲ್ಲಿ ಅವು ಹಾರಿಹೋದ ಕಥೆಯನ್ನು ಮುಂಬಯಿಯ ಹಿರಿಯರು ಬಹಳ ರಸವತ್ತಾಗಿ ಹೇಳುತ್ತಾರೆ. ಹತ್ತಿಯ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ವಿದ್ಯಾರ್ಥಿಗಳು ಕೇಳಬೇಕಾದುದು ಹತ್ತಿಯ ಕಥೆಯೇ ಎಂದು ನಮ್ಮ ಅಭಿಪ್ರಾಯ. ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬಾರದೆಂಬುದು ಸಾಗಣೆಯ ವಿದ್ಯೆಯ ಮೊದಲ ಪಾಠ. ಇಂದು ಅಂತರರಾಷ್ಟ್ರೀಯ ನಿಯಮಗಳು ಅಪಾಯದ ಸರಕನ್ನು 9 ವರ್ಗಗಳಾಗಿ ವಿಂಗಡಿಸಿವೆ: ಸಿಡಿಮದ್ದು, ಅನಿಲ, ಹೊತ್ತಿಕೊಳ್ಳುವ ದ್ರವ, ವಿಷ, ಕೊರೆಯುವ ಆಮ್ಲ ಮೊದಲಾದುವು. ಯಾವ ವರ್ಗವು ಯಾವುದರಿಂದ ಎಷ್ಟು ದೂರವಿರಬೇಕೆಂದು ಕೋಷ್ಟಕವೇ ಉಂಟು.

ಅಪಾಯದ ಪಟ್ಟಿಯಲ್ಲಿ ಸೇರಿದುದು ಮಾತ್ರವೇ ಅಪಾಯಕಾರಿ ಎಂದು ತಿಳಿಯಲಾಗದು. ಮೂಟೆ ಕಟ್ಟದೆ ರಾಶಿಯಾಗಿಯೇ ಹಡಗಿನ ಒಡಲಿಗೆ ಸುರಿಯುವ ಸರಕುಂಟು. ಕಲ್ಲಿದ್ದಲು, ಗೋಧಿ, ಕಬ್ಬಿಣದ ಅದಿರು ಈ ಜಾತಿಯವು. ನೋಡಿದರೆ ಅದಿರಿಗಿಂತ ಸಾಧುವಾದ ವಸ್ತು ಇನ್ನೊಂದಿಲ್ಲ, ಬರಿಯ ಮಣ್ಣು. ಆದರೆ 2009ರ ಜುಲೈ ತಿಂಗಳಲ್ಲಿ, ಮಳೆಗಾಲದ ನಡುವೆ, ನವ ಮಂಗಳೂರು ಬಂದರಿನಿಂದ ಅದಿರಿನ ಪುಡಿಯನ್ನು ಹೇರಿಕೊಂಡು ಚೀನಕ್ಕೆ ಹೊರಟ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಅಲ್ಪಕಾಲದಲ್ಲೇ ವಾಲಿ ಮುಳುಗಿತು. ನಾವಿಕರೆಲ್ಲರನ್ನೂ ಉಳಿಸಿಕೊಂಡದ್ದು ಪುಣ್ಯ. ಮಣ್ಣು ಹಡಗನ್ನು ಮುಳುಗಿಸಿದುದು ಹೇಗೆ? ಚೌಪಾಟಿಗೆ ಹೋದಾಗ ನೀರಂಚಿನ ಒದ್ದೆ ಮರಳನ್ನು ಕಾಲಿನಿಂದ ಮೆಲ್ಲಮೆಲ್ಲನೆ ತಟ್ಟಿ ನೋಡಿರಿ. ಗಟ್ಟಿಯಾಗಿದ್ದ ನೆಲ ನೀರಾಗಿ ಅಲುಗಾಡುವುದು. ಒದ್ದೆಯಾದ ಅದಿರಿನ ಪುಡಿಯೂ ಹಾಗೆಯೇ; ಅಲೆಗಳ ಹೊಯ್ದಾಟದಲ್ಲಿ ಕೆಸರಾಗಿ ಒಂದು ಬದಿಗೆ ಹರಿದುಬಿಡುತ್ತದೆ. ಹಡಗು ವಾಲಿದರೆ ಮತ್ತೆ ಏಳದು. ಆದುದರಿಂದಲೇ ಹೇರುವ ಮುನ್ನ ಅದಿರಿನ ತೇವವನ್ನು ಅಳೆದು ಬರೆದುಕೊಡಬೇಕೆಂಬ ನಿಯಮ. ಬರೆದುಕೊಟ್ಟುದು ನಿಜವಿರಬೇಕು, ಅಷ್ಟೆ.

ಈ ‘ಬರೆದುಕೊಡುವ’ ಮಾತಿನ ಬಗ್ಗೆಯೇ ನಾವು ಹೇಳಬೇಕೆಂದಿರುವುದು.

ಹಿಂದೆ ಹೆಚ್ಚಿನ ಸರಕು ಮೂಟೆ, ಪೆಟ್ಟಿಗೆ, ಪೀಪಾಯಿಗಳ ರೂಪದಲ್ಲಿ ಕೂಲಿಯ ಬೆನ್ನ ಮೇಲೆ ಹಡಗೇರುತ್ತಿತ್ತು. ಮೂಟೆ ಒದ್ದೆಯಾಗಿದ್ದರೆ ಬೆನ್ನಿಗೆ ತಿಳಿಯುತ್ತಿತ್ತು. ಪೀಪಾಯಿ ಸೋರಿದರೆ ಮೂಗಿಗೆ ತಿಳಿಯುತ್ತಿತ್ತು. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಮ್ಯಾಲ್ಕಂ ಮೆಕ್ಲೀನ್ ಎಂಬ ಲಾರಿಗಳ ಮಾಲೀಕನ ಯೋಜನೆಯದು. ಅಲ್ಲಿಂದೀಚೆಗೆ ಕಂಟೇನರ್ ಜಗತ್ತನ್ನೇ ಆಳತೊಡಗಿತು. 1989ರಲ್ಲಿ ನಮ್ಮ ಕೊಲ್ಲಿಯ ಆಚೆ ದಡದ ನ್ಹಾವಾ ಶೇವಾದಲ್ಲಿ ಹೊಸ ಬಂದರು ತೆರೆದ ಮೇಲೆ ಮುಂಬಯಿಯ ಕಂಟೇನರ್ ವ್ಯಾಪಾರ ಕ್ರಮೇಣ ಅಲ್ಲಿಗೆ ಸರಿಯಿತು. ಇದರಿಂದ ಖರ್ಚು ಇಳಿಯಿತು, ಕಳವು ತಗ್ಗಿತು, ವಾರಗಳ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿತು. ನಾಸಿಕದ ದ್ರಾಕ್ಷಿ ಶೀತಪೆಟ್ಟಿಗೆಯಲ್ಲಿ ಕುಳಿತು ಯೂರೋಪಿಗೆ ಹೋಗುತ್ತದೆ. ಇವೆಲ್ಲ ಒಳ್ಳೆಯವೇ. ಆದರೆ ಪೆಟ್ಟಿಗೆಗೆ ಮುದ್ರೆ ಬಿದ್ದ ಮೇಲೆ ಬೆನ್ನೂ ಇಲ್ಲ, ಮೂಗೂ ಇಲ್ಲ. ಉಳಿದುದು ಕಾಗದವೊಂದೇ.

ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್ ಎಂಬ ಹೇರುಪತ್ರದಲ್ಲಿ ಕಂಟೇನರಿನ ಸರಕನ್ನು ಕುರಿತು ಸಾಮಾನ್ಯವಾಗಿ ಒಂದು ಮಾತಿರುತ್ತದೆ: ‘ಒಳಗೆ ಇದೆಯೆಂದು ಹೇಳಲಾಗಿದೆ’. ನಾವು ತೆರೆದು ನೋಡಿಲ್ಲ, ಕಳುಹಿಸಿದವನ ಮಾತನ್ನು ನಂಬಿದ್ದೇವೆ ಎಂದರ್ಥ. ಸಾವಿರಾರು ಪೆಟ್ಟಿಗೆಗಳ ಹಡಗು ಈ ನಂಬಿಕೆಯ ಮೇಲೆ ತೇಲುತ್ತದೆ. 2019ರ ಮೇ ತಿಂಗಳಲ್ಲಿ ಥಾಯ್ಲೆಂಡಿನ ಲೇಮ್ ಚಬಾಂಗ್ ಬಂದರಿನಲ್ಲಿ ‘ಕೆಎಂಟಿಸಿ ಹಾಂಗ್‌ಕಾಂಗ್’ ಎಂಬ ಹಡಗು ಹೊತ್ತಿ ಸಿಡಿಯಿತು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪೆಟ್ಟಿಗೆಗಳಲ್ಲಿದ್ದುದು ನೀರನ್ನು ಶುದ್ಧಿಮಾಡಲು ಬಳಸುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಅದು ಕಾವೇರಿದರೆ ತಾನಾಗಿಯೇ ಉರಿಗೆ ಕಾರಣವಾಗುವ ವಸ್ತು. ಕಾಗದದಲ್ಲಿ ಬರೆದಿದ್ದುದು ಗೊಂಬೆಗಳೆಂದು ಆಗ ವರದಿಯಾಯಿತು. ಅಪಾಯದ ಸರಕಿಗೆ ಬಾಡಿಗೆ ಹೆಚ್ಚು, ಕಟ್ಟಳೆ ಹೆಚ್ಚು. ಕೆಲವರು ಸುಳ್ಳು ಹೆಸರು ಬರೆಯುವುದು ಈ ಉಳಿತಾಯಕ್ಕಾಗಿಯೇ.

ಬಂದರುಗಳಲ್ಲಿ ಕ್ಷಕಿರಣದ ಯಂತ್ರಗಳಿರುವಾಗ ಸುಳ್ಳು ಹೇಗೆ ನಡೆದೀತೆಂದು ನೀವು ಕೇಳಬಹುದು. ಯಂತ್ರಗಳಿವೆ, ನಿಜ. ಆದರೆ ಎಲ್ಲ ಪೆಟ್ಟಿಗೆಗಳೂ ಅದರ ಮುಂದೆ ಹಾಯುವುದಿಲ್ಲ. ಹಾಯ್ದರೂ ಬಿಳಿಯ ಪುಡಿ ಯಾವುದೆಂದು ನೆರಳನ್ನು ನೋಡಿ ಹೇಳುವುದು ಸುಲಭವಲ್ಲ.

ಹೀಗಿರುವಲ್ಲಿ ಆ ಕಾಗದವನ್ನು ತುಂಬುವವನು ಯಾರು? ಕಪ್ತಾನನಲ್ಲ, ಮಂತ್ರಿಯಲ್ಲ. ಮಸೀದಿ ಬಂದರಿನಲ್ಲೋ ಫೋರ್ಟಿನಲ್ಲೋ ಒಂದು ಕ್ಲಿಯರಿಂಗ್ ಆಫೀಸಿನ ಮೂಲೆಯಲ್ಲಿ ಕುಳಿತ ಗುಮಾಸ್ತ. ಕನ್ನಡ ಶಾಲೆಯಲ್ಲಿ ಓದಿದವನಿಗೆ ಗುಮಾಸ್ತಗಿರಿಯೇ ಗತಿ ಎಂದು ಹೀಯಾಳಿಸುವವರನ್ನು ನಾವು ಬಹಳ ಕೇಳಿದ್ದೇವೆ. ನಾವೂ ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದವರು. ಆ ಮಾತಿನ ಚುಚ್ಚು ನಮಗೆ ಹೊಸದಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳು ಕೆಲವರು ಅಂಥ ಆಫೀಸುಗಳಲ್ಲಿದ್ದಾರೆ. ಶಾಲೆಗೆ ಬಂದರೆ ತಮ್ಮ ಕೆಲಸವನ್ನು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಸಂಕೋಚಕ್ಕೆ ಕಾರಣವೇನೂ ನಮಗೆ ಕಾಣದು. ಯಜಮಾನನು ‘ಗೊಂಬೆ ಎಂದು ಬರೆ’ ಎಂದಾಗ ಲೇಖನಿಯನ್ನು ಕೆಳಗಿಡಬೇಕಾದವನು ಅವನೇ. ಆದರೆ ಇಡುವುದರಿಂದ ಕೆಲಸ ಹೋಗಬಹುದೆಂಬುದನ್ನು ನಾವು ಬಲ್ಲೆವು; ಆ ಧೈರ್ಯವನ್ನು ಉಪದೇಶದಿಂದ ಕೊಡಬಲ್ಲೆವೆಂಬ ಭ್ರಮೆ ನಮಗಿಲ್ಲ. ತಾನು ಬರೆಯುತ್ತಿರುವ ವಸ್ತುವಿನ ಸ್ವಭಾವವನ್ನು ತಿಳಿಸಿಕೊಡುವುದಷ್ಟೇ ಶಾಲೆಯಿಂದಾಗುವ ಕೆಲಸ. ರಸಾಯನಶಾಸ್ತ್ರದ ಪಾಠವೂ ಭೂಗೋಳದ ಪಾಠವೂ ಒಂದೇ ಗಂಟೆಯಲ್ಲಿ ಕೂಡಬೇಕಾದುದು ಇಲ್ಲಿ.

ಬರುವ ವರ್ಷ ಒಂಬತ್ತನೆಯ ತರಗತಿಯಲ್ಲಿ ಆಮದು-ರಫ್ತಿನ ಪಟ್ಟಿಯ ಬದಲು ಒಂದು ಖಾಲಿ ಹೇರುಪತ್ರವನ್ನು ಕೊಡಬೇಕೆಂದಿದ್ದೇವೆ. ಮೊದಲ ಸರಕು ಚಿಕ್ಕಮಗಳೂರಿನ ಕಾಫಿ ಬೀಜ, ಮಂಗಳೂರಿನಿಂದ ಇಟಲಿಗೆ. ಕಾಫಿ ಪಕ್ಕದ ವಾಸನೆಯನ್ನು ಹೀರಿಕೊಳ್ಳುತ್ತದೆ. ಪೆಟ್ಟಿಗೆಯ ಒಳಗೋಡೆಯಲ್ಲಿ ಬೆವರು ಕೂಡಿ ಚೀಲದ ಮೇಲೆ ತೊಟ್ಟಿಕ್ಕಿದರೆ ಬೂಷ್ಟು ಹಿಡಿಯುತ್ತದೆ. ಇದನ್ನು ಹೇಗೆ ಕಟ್ಟುವಿರಿ, ಯಾವುದರಿಂದ ದೂರವಿಡುವಿರಿ, ಕಾಗದದಲ್ಲಿ ಏನೆಂದು ಬರೆಯುವಿರಿ ಎಂಬುದೇ ಪ್ರಶ್ನೆ. ರಜೆಯಲ್ಲಿ ಊರಿಗೆ ಹೋಗುವವರು ತೋಟದವರನ್ನು ಕೇಳಿಕೊಂಡು ಬರಬಹುದು.