ತಪ್ಪು ಲೆಕ್ಕ ತಪ್ಪಾಗಿಯೇ ಶಾಲೆಗೆ ಹೋಗಲಿ

ಮೂರನೇ ತರಗತಿಯ ಹುಡುಗಿ 52ರಲ್ಲಿ 27 ಕಳೆದು 35 ಎಂದು ಬರೆಯುತ್ತಾಳೆ. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದಿದ್ದಾಳೆ. ರಾತ್ರಿ ಒಂಬತ್ತಾಗಿದೆ, ಒಲೆಯ ಮೇಲೆ ಸಾರು ಕುದಿಯುತ್ತಿದೆ. ಅಮ್ಮ ರಬ್ಬರ್ ತೆಗೆದುಕೊಂಡು ಅಳಿಸಿ, ‘25 ಅಂತ ಬರಿ, ಬೇಗ’ ಎನ್ನುತ್ತಾರೆ. ಮರುದಿನ ಮಿಸ್ ಕೆಂಪು ಶಾಯಿಯಲ್ಲಿ ರೈಟ್ ಹಾಕುತ್ತಾರೆ. ಈ ಹುಡುಗಿಗೆ ದಶಕ ಬಿಡಿಸಿಕೊಳ್ಳುವುದು ಬರುವುದಿಲ್ಲ ಎಂಬ ವಿಷಯ ಯಾರಿಗೆ ಗೊತ್ತಾಗಬೇಕಿತ್ತೋ ಅವರಿಗೇ ಗೊತ್ತಾಗಲಿಲ್ಲ.

ಹೀಗೆ ಮನೆವರೆಗೂ ಬರುವ ಮಕ್ಕಳ ಓದಿನ ಹೊರೆಯ ಚರ್ಚೆ ಹೊಸದೇನಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ಅವರೇ ರಾಜ್ಯಸಭೆಯಲ್ಲಿ ಶಾಲಾ ಚೀಲದ ಭಾರದ ಬಗ್ಗೆ ಮಾತನಾಡಿದ್ದರು. ಪ್ರಾಥಮಿಕ ತರಗತಿಗಳಿಗೆ ಹೋಮ್‌ವರ್ಕೇ ಬೇಡ, ಕೊಟ್ಟರೂ ಅದು ಮನೆಯ ಸುತ್ತಮುತ್ತ ನೋಡಿ ತಿಳಿಯುವಂಥದ್ದಾಗಿರಲಿ ಎಂದು ಈ ಹೊರೆ ತಗ್ಗಿಸಲು ಕೇಂದ್ರ ನೇಮಿಸಿದ್ದ ಯಶ್‌ಪಾಲ್ ಸಮಿತಿ 1993ರಲ್ಲೇ ಹೇಳಿತು. ಕೇಂದ್ರದ 2020ರ ಶಾಲಾ ಚೀಲ ನೀತಿಯ ಪ್ರಕಾರ ಎರಡನೇ ತರಗತಿವರೆಗೆ ಹೋಮ್‌ವರ್ಕ್ ಇಲ್ಲ. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೇ ನಿಮಿಷ. ಕಾಪಿ ಬರವಣಿಗೆಯೊಂದೇ ಅಷ್ಟು ಹೊತ್ತು ತಿನ್ನುತ್ತದೆ ಎಂಬುದು ಎಲ್‌ಕೆಜಿ ಮಕ್ಕಳ ಪೋಷಕರಿಗೂ ಗೊತ್ತು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು 2006ರಲ್ಲಿ ಪರಿಶೀಲಿಸಿದಾಗ, ಹೋಮ್‌ವರ್ಕ್‌ಗೂ ಕಲಿಕೆಗೂ ಇರುವ ನಂಟು ದೊಡ್ಡ ತರಗತಿಗಳಲ್ಲಿ ಗಟ್ಟಿಯಾಗಿ, ಚಿಕ್ಕ ತರಗತಿಗಳಲ್ಲಿ ತೆಳುವಾಗಿ ಕಂಡಿತು. ಆದರೆ ನಮ್ಮ ಮನೆಗಳಲ್ಲಿ ಅಪ್ಪ–ಅಮ್ಮ ಹೆಚ್ಚು ಬೆವರು ಸುರಿಸುವುದು ಚಿಕ್ಕ ತರಗತಿಗಳಲ್ಲೇ. ಹತ್ತನೇ ತರಗತಿಗೆ ಬರುವಷ್ಟರಲ್ಲಿ ಅವರಿಗೆ ಪಾಠವೂ ಅರ್ಥವಾಗುವುದಿಲ್ಲ, ಮಕ್ಕಳು ಹತ್ತಿರ ಬಿಟ್ಟುಕೊಳ್ಳುವುದೂ ಇಲ್ಲ.

ಮನೆಯವರು ಕಲಿಸುವ ಕೆಲಸ ಬಿಟ್ಟು ಕೂರಿಸುವ ಕೆಲಸ ಮಾಡಿದರೆ ಸಾಕು ಎನ್ನುವುದು ನನ್ನ ವಾದ. ದಿನವೂ ಒಂದೇ ಹೊತ್ತು, ಆದಷ್ಟೂ ಊಟಕ್ಕೆ ಮುಂಚೆ. ಟೀವಿ ಬಂದ್, ಮೊಬೈಲ್ ಬೇರೆ ಕೋಣೆಯಲ್ಲಿ, ಅಪ್ಪನದ್ದೂ ಸೇರಿ. ಏನು ಕೊಟ್ಟಿದ್ದಾರೆ ಎಂದು ಮಗುವೇ ಓದಿ ಹೇಳಲಿ. ಎಷ್ಟೋ ಸಲ ಪ್ರಶ್ನೆಯನ್ನು ಜೋರಾಗಿ ಓದುವಾಗಲೇ ದಾರಿ ಹೊಳೆಯುತ್ತದೆ. ಮಗ್ಗಿ ಒಪ್ಪಿಸುವುದನ್ನು ಕೇಳಿಸಿಕೊಳ್ಳಿ. ಸಿಕ್ಕಿಹಾಕಿಕೊಂಡರೆ ತರಗತಿಯಲ್ಲಿ ಇದೇ ರೀತಿಯ ಲೆಕ್ಕ ಹೇಗೆ ಮಾಡಿಸಿದರು ಎಂದು ಕೇಳಿ. ಅಷ್ಟಾದರೂ ಬರದಿದ್ದರೆ ಪುಸ್ತಕ ಮುಚ್ಚಿಸಿ, ಡೈರಿಯಲ್ಲಿ ‘ಇದು ಅವಳಿಗೆ ಬರಲಿಲ್ಲ, ಇನ್ನೊಮ್ಮೆ ಹೇಳಿಕೊಡಿ’ ಎಂದು ಬರೆದು ಕಳಿಸಿ.

ಇಂಗ್ಲಿಷ್ ಬಾರದ ತಾಯಿಯೂ ಇಷ್ಟನ್ನು ಮಾಡಬಲ್ಲರು. ಕನ್ನಡ ಶಾಲೆಯಲ್ಲಿ ಓದಿ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದವರು ‘ನಮಗೇನು ತಿಳಿಯುತ್ತೆ’ ಎಂದು ಒಂದನೇ ತರಗತಿಯಿಂದಲೇ ಟ್ಯೂಷನ್‌ಗೆ ಕಳಿಸುತ್ತಾರೆ. ಬಹಳಷ್ಟು ಕಡೆ ಅಲ್ಲಿ ನಡೆಯುವುದೂ ರಬ್ಬರಿನ ಕೆಲಸವೇ, ತಿಂಗಳಿಗಿಷ್ಟು ಎಂದು ಹಣ ಕೊಟ್ಟು.

ಅಪೂರ್ಣ ನೋಟ್‌ಬುಕ್ ಕಳಿಸಿದರೆ ಮಗುವಿಗೆ ಬೈಗುಳ ತಪ್ಪಿದ್ದಲ್ಲ ಎಂದು ಪೋಷಕರು ಹೆದರುತ್ತಾರೆ. ಆ ಭಯ ಸುಳ್ಳಲ್ಲ. ಐವತ್ತು ಮಕ್ಕಳಿರುವ ತರಗತಿಯಲ್ಲಿ ನೋಟ್‌ಬುಕ್ ತುಂಬಿದೆಯೇ ಎಂದಷ್ಟೇ ನೋಡಲು ಶಿಕ್ಷಕರಿಗೆ ಪುರುಸೊತ್ತು. ಹಾಗಾಗಿ ಇದನ್ನು ಒಬ್ಬೊಬ್ಬರೇ ಮಾಡುವುದು ಕಷ್ಟ. ಪೋಷಕರ ಸಭೆಯಲ್ಲಿ, ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ), ಈ ವಿಷಯ ಎತ್ತಬೇಕು. ಮಾಡದೆ ಬಂದವರಿಗೂ ಮಾಡಲು ಬಾರದೆ ಬಂದವರಿಗೂ ಒಂದೇ ಶಿಕ್ಷೆ ಕೂಡದು ಎಂದು ಕೇಳಬೇಕು. ಜೊತೆಗೆ, ಗಣಿತದ ಮೇಷ್ಟ್ರು ಎಷ್ಟು ಕೊಟ್ಟರೆಂಬುದು ವಿಜ್ಞಾನದ ಮಿಸ್‌ಗೆ ಗೊತ್ತಿರುವುದಿಲ್ಲ. ಪ್ರತಿಯೊಬ್ಬರದೂ ಅರ್ಧ ಗಂಟೆಯದೇ, ಮಗುವಿನ ಪಾಲಿಗೆ ಮೂರು ಗಂಟೆ. ಆಯಾ ದಿನ ಯಾವ ವಿಷಯಕ್ಕೆ ಎಷ್ಟು ಹೋಮ್‌ವರ್ಕ್ ಎಂದು ತರಗತಿಯ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರೆ, ಕೊನೆಯ ಪೀರಿಯಡ್‌ಗೆ ಬಂದವರು ನೋಡಿಯಾದರೂ ಕೈ ಬಿಗಿ ಹಿಡಿದಾರು. ಇದಕ್ಕೆ ಹೊಸ ಸುತ್ತೋಲೆ ಬೇಕಿಲ್ಲ, ಮುಖ್ಯ ಶಿಕ್ಷಕರು ಒಂದು ಮಾತು ಹೇಳಿದರಾಯಿತು.