ಬಿಸಿನೀರಿನ ನಲ್ಲಿಯಿಂದ ಬುಸ್ ಎಂದು ಬರುವುದು ಗಾಳಿಯೋ, ಗ್ಯಾಸೋ?

ಬಿಸಿನೀರಿನ ನಲ್ಲಿ ತಿರುಗಿಸಿದೊಡನೆ ಬುಸ್ ಎಂಬ ಸದ್ದು, ಬಿಟ್ಟು ಬಿಟ್ಟು ಚಿಮ್ಮುವ ನೀರು, ಕೆಲವೊಮ್ಮೆ ಹಾಲಿನಂಥ ಬಿಳಿ ಬಣ್ಣ. ಇದನ್ನು ಕಂಡವರು ‘ಗೀಸರ್‌ನಲ್ಲಿ ಗ್ಯಾಸ್ ತುಂಬಿದೆ, ಸಿಡಿಯುತ್ತದೆ’ ಎಂದು ಹೆದರುವುದುಂಟು. ಆದರೆ ‘ಗ್ಯಾಸ್’ ಎಂಬ ಒಂದೇ ಪದದೊಳಗೆ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಒಂದೊಂದಾಗಿ ನೋಡೋಣ.

ಸಾಮಾನ್ಯವಾಗಿ ಅದು ಬರೀ ಗಾಳಿ

ನೀರಿನಲ್ಲಿ ಸ್ವಲ್ಪ ಗಾಳಿ ಕರಗಿರುತ್ತದೆ. ನೀರು ಬಿಸಿಯಾದಂತೆ ಅದು ಗುಳ್ಳೆಗಳಾಗಿ ಹೊರಬರುತ್ತದೆ. ಒಲೆಯ ಮೇಲಿಟ್ಟ ಪಾತ್ರೆಯಲ್ಲಿ ನೀರು ಕುದಿಯುವ ಮೊದಲೇ ಕಾಣುವ ಸಣ್ಣ ಗುಳ್ಳೆಗಳೂ ಇವೇ. ಓವರ್‌ಹೆಡ್ ಟ್ಯಾಂಕ್ ಖಾಲಿಯಾದಾಗ ಅಥವಾ ಪ್ಲಂಬಿಂಗ್ ರಿಪೇರಿ ಆದಾಗಲೂ ಪೈಪಿನೊಳಗೆ ಗಾಳಿ ಸೇರುತ್ತದೆ.

ಪರೀಕ್ಷಿಸುವುದು ಸುಲಭ. ಬಿಳಿ ನೀರನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಗಾಳಿ, ಅಪಾಯವಿಲ್ಲ. ಗೀಸರ್ ಸ್ವಿಚ್ ಆಫ್ ಮಾಡಿ, ಟ್ಯಾಂಕಿನಲ್ಲಿ ನೀರಿದೆಯೇ ನೋಡಿ, ನೀರು ಒಂದೇ ಸಮನೆ ಬರುವವರೆಗೆ ಬಿಸಿನೀರಿನ ನಲ್ಲಿ ತೆರೆದಿಡಿ. ಆಮೇಲೆ ಆನ್ ಮಾಡಿ. ನೀರಿಲ್ಲದ ಗೀಸರ್ ಆನ್ ಮಾಡಿದರೆ ಕಾಯಿಲ್ ಸುಟ್ಟುಹೋಗಬಹುದು.

ವಾರಗಟ್ಟಲೆ ಬಳಸದೆ ಬಿಟ್ಟಿದ್ದರೆ?

ಗೀಸರ್ ಟ್ಯಾಂಕ್ ತುಕ್ಕು ಹಿಡಿಯದಿರಲೆಂದು ಒಳಗೆ ಸಾಮಾನ್ಯವಾಗಿ ಮೆಗ್ನೀಸಿಯಮ್ ಆನೋಡ್ ರಾಡ್ ಇರುತ್ತದೆ. ಅದು ತಾನು ಸವೆದು ಟ್ಯಾಂಕನ್ನು ಕಾಯುತ್ತದೆ. ಹಾಗೆ ಸವೆಯುವಾಗ ಸ್ವಲ್ಪ ಹೈಡ್ರೋಜನ್ ಹುಟ್ಟುತ್ತದೆ. ದಿನವೂ ಬಳಸುವ ಮನೆಯಲ್ಲಿ ಅದು ನೀರಿನೊಂದಿಗೆ ಹೊರಹೋಗುತ್ತದೆ. 2 ವಾರಕ್ಕಿಂತ ಹೆಚ್ಚು ಬಳಸದಿದ್ದರೆ ಶೇಖರವಾಗಬಹುದು. ಹೈಡ್ರೋಜನ್‌ಗೆ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ. ಊರಿನಿಂದ ಬಂದಾಗ ಕಿಟಕಿ ತೆರೆದು, ಬಿಸಿನೀರಿನ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಡಿ. ಆ ಹೊತ್ತಿನಲ್ಲಿ ಹತ್ತಿರ ಬೆಂಕಿಕಡ್ಡಿ, ಸಿಗರೇಟು ಬೇಡ.

ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆಯಿದ್ದರೆ ಅದು ಹೈಡ್ರೋಜನ್ ಸಲ್ಫೈಡ್ ಇರಬಹುದು. ನೀರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮೆಕ್ಯಾನಿಕ್ ಕರೆಸಿ ಟ್ಯಾಂಕ್ ಸ್ವಚ್ಛಗೊಳಿಸಿ, ರಾಡ್ ಪರೀಕ್ಷಿಸಿ.

ನಿಜವಾಗಿ ಹೆದರಬೇಕಾದದ್ದು

ಗ್ಯಾಸ್ ಗೀಸರ್ ಬೇರೆಯೇ ವಿಷಯ. ಗಾಳಿಯಾಡದ ಬಾತ್‌ರೂಮಿನಲ್ಲಿ ಎಲ್‌ಪಿಜಿ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದು ನಲ್ಲಿಯಲ್ಲಿ ಸದ್ದು ಮಾಡುವುದಿಲ್ಲ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸೋರಿಕೆ ಗೊತ್ತಾಗಲೆಂದು ಎಲ್‌ಪಿಜಿಗೆ ವಾಸನೆ ಬೆರೆಸಿರುತ್ತಾರೆ. ಹಾಗಾಗಿ ‘ವಾಸನೆ ಇಲ್ಲ, ತೊಂದರೆ ಇಲ್ಲ’ ಎಂಬ ನಂಬಿಕೆ ಇಲ್ಲಿ ಪ್ರಾಣಕ್ಕೇ ಕುತ್ತು. ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ, ವೈದ್ಯರನ್ನು ಕಾಣಿ. ಗ್ಯಾಸ್ ಗೀಸರನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಹಾಕಿಸುವುದೇ ಸರಿ.

ವಿದ್ಯುತ್ ಗೀಸರಿನಲ್ಲಿ ನಿಜವಾದ ಅಪಾಯ ಒತ್ತಡದ್ದು. 15 ಲೀಟರ್ ನೀರು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ಒತ್ತಡ ಮಿತಿಮೀರದಂತೆ ಸೇಫ್ಟಿ ವಾಲ್ವ್ ನೋಡಿಕೊಳ್ಳುತ್ತದೆ. ಕಾಯುವಾಗ ಅದರಿಂದ ನಾಲ್ಕು ಹನಿ ತೊಟ್ಟಿಕ್ಕಿತೆಂದು ಬಾಯಿ ಮುಚ್ಚಿಬಿಡಬೇಡಿ. ಥರ್ಮೋಸ್ಟಾಟ್ ಕೆಟ್ಟು, ವಾಲ್ವೂ ಕಟ್ಟಿಕೊಂಡರೆ ಟ್ಯಾಂಕ್ ಒಡೆಯಬಹುದು. ನಲ್ಲಿಯಿಂದ ಹಬೆ ಬಂದರೆ ಅಥವಾ ಟ್ಯಾಂಕಿನೊಳಗೆ ಕುದಿಯುವ ಸದ್ದು ಕೇಳಿದರೆ ಮುಖ್ಯ ಸ್ವಿಚ್ ಆಫ್ ಮಾಡಿ, ಮೆಕ್ಯಾನಿಕ್ ಬರುವವರೆಗೆ ಬಳಸಬೇಡಿ.

ಗೀಸರ್ ಬಗ್ಗೆ ಎಚ್ಚರಿಕೆಯ ಸಂದೇಶ ಬಂದರೆ, ಅದು ಯಾವ ಗೀಸರ್, ಯಾವ ಗ್ಯಾಸ್ ಎಂದು ಹೇಳಿದೆಯೇ ಮೊದಲು ನೋಡಿ. ಹೇಳಿಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.