ಕೋಳಿಯಿಂದ ಕೊರೊನಾ ಬರಲಿಲ್ಲ, ಆದರೆ ಮೆಕ್ಕೆಜೋಳದ ಬೆಲೆ ಬಿತ್ತು: ಹೇಗೆ?

‘ಕೋಳಿ ತಿಂದರೆ ಕೊರೊನಾ ಬರುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ 2020ರ ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮಲ್ಲಿ ಅನೇಕರ ಮೊಬೈಲಿಗೆ ಬಂದಿತ್ತು. ಅದು ಸುಳ್ಳು. ಕೊರೊನಾ ಹರಡಿದ್ದು ಮನುಷ್ಯರಿಂದ ಮನುಷ್ಯರಿಗೆ. ಕೋಳಿಗೂ ಅದಕ್ಕೂ ನಂಟಿಲ್ಲವೆಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಫೆಬ್ರವರಿಯಲ್ಲೇ ಹೇಳಿತ್ತು. ಅಷ್ಟರಲ್ಲಿ, ಮಾರ್ಚ್‌ನಲ್ಲಿ, ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಅದು ಬೇರೆಯೇ ವೈರಸ್. ಆದರೂ ಹೆದರಿದ್ದ ಜನ ಎರಡನ್ನೂ ಒಂದೇ ಎಂದುಕೊಂಡರು.

ಪೆಟ್ಟು ಬಿದ್ದದ್ದು ಕೋಳಿ ಸಾಕುವವರಿಗೆ ಮಾತ್ರವಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಮುಖ್ಯ ಬೆಳೆ. ನಮ್ಮ ದೇಶದ ಮೆಕ್ಕೆಜೋಳದ ದೊಡ್ಡ ಪಾಲು ಹೋಗುವುದೇ ಕೋಳಿ ಆಹಾರಕ್ಕೆ. ಜನ ಚಿಕನ್ ಬಿಟ್ಟರು, ಫಾರಂನವರು ಹೊಸ ಮರಿ ಬಿಡಲಿಲ್ಲ, ಕಾಳು ಕೇಳುವವರಿಲ್ಲವಾಯಿತು. ಮಾರ್ಚ್ 25ರಿಂದ ಲಾಕ್‌ಡೌನ್. ಹೋಟೆಲ್, ಮದುವೆ ಎಲ್ಲ ನಿಂತವು. ಲಾರಿ ಸಿಗುವುದೂ ಕಷ್ಟವಾಯಿತು. ವರ್ಷದ ಆರಂಭದಲ್ಲಿ ಕ್ವಿಂಟಾಲ್‌ಗೆ 2,000 ರೂಪಾಯಿ ಆಸುಪಾಸಿನಲ್ಲಿದ್ದ ಬೆಲೆ ಬೇಸಿಗೆಯಲ್ಲಿ 1,300ರ ಹತ್ತಿರಕ್ಕೆ ಇಳಿಯಿತು. ಆ ಸಾಲಿನ ಬೆಂಬಲ ಬೆಲೆ 1,760 ರೂಪಾಯಿ!

ವಿಚಿತ್ರವೆಂದರೆ, ಸಾಲದ ಒತ್ತಡಕ್ಕೆ ಕೊಯ್ಲಾದ ಕೂಡಲೇ ಮಾರಿದವರು ಪಾರಾದರು. ಒಳ್ಳೆಯ ಬೆಲೆ ಬರಲಿ ಎಂದು ಕಾಳು ಇಟ್ಟುಕೊಂಡವರು ಸಿಕ್ಕಿಬಿದ್ದರು.

ಮೂರು ಎಕರೆಯಲ್ಲಿ 45 ಕ್ವಿಂಟಾಲ್ ಬೆಳೆದು ಇಟ್ಟುಕೊಂಡ ಒಂದು ಕುಟುಂಬ ಎಂದಿಟ್ಟುಕೊಳ್ಳೋಣ. ಕ್ವಿಂಟಾಲ್‌ಗೆ 700 ರೂಪಾಯಿ ಇಳಿದರೆ 31,500 ರೂಪಾಯಿ ಹೋಯಿತು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮೆಕ್ಕೆಜೋಳ ಬೆಳೆಗಾರರಿಗೆ ಘೋಷಿಸಿದ ನೆರವು ತಲಾ 5,000 ರೂಪಾಯಿ. ಲಾವಣಿಗೆ ಹೊಲ ಮಾಡುವವರ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಇಂಥ ನೆರವು ಅವರ ಕೈಗೆ ಸಿಗುವುದು ಕಷ್ಟ. ಅದೇ ಹೊತ್ತಿಗೆ ಬ್ರಿಟನ್ ಸರ್ಕಾರ ಕೆಲಸ ನಿಂತ ನೌಕರರ ಸಂಬಳದಲ್ಲಿ ಶೇ 80ರವರೆಗೆ ತಾನೇ ಭರಿಸುತ್ತಿತ್ತು. ಅಲ್ಲಿ ಬಹುಪಾಲು ದುಡಿಯುವವರ ಹೆಸರು ಸಂಬಳದ ಪಟ್ಟಿಯಲ್ಲಿದೆ. ನಮ್ಮಂಥ ದೇಶಗಳಲ್ಲಿ ಹೆಚ್ಚಿನವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

‘ಕೊರೊನಾ ಕಾಲದಲ್ಲೂ ಕೃಷಿ ಬೆಳೆಯಿತು, ರೈತರಿಗೇನೂ ಆಗಲಿಲ್ಲ’ ಎನ್ನುವವರಿದ್ದಾರೆ. ಇದು ಅರ್ಧ ಸತ್ಯ. 2020ರ ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಶೇ 23.9ರಷ್ಟು ಕುಸಿದಾಗ ಕೃಷಿ ಶೇ 3.4ರಷ್ಟು ಬೆಳೆದದ್ದು ಅಂದಿನ ಸರ್ಕಾರಿ ಅಂದಾಜು. ಆದರೆ ಆ ಲೆಕ್ಕ ಸ್ಥಿರ ಬೆಲೆಯದು. ಅಂದರೆ ಎಷ್ಟು ಬೆಳೆಯಿತು ಎಂಬುದು ಅದರಲ್ಲಿ ಕಾಣುತ್ತದೆ, ಎಷ್ಟಕ್ಕೆ ಮಾರಾಟವಾಯಿತು ಎಂಬುದು ಕಾಣುವುದಿಲ್ಲ.

ಹಾಗೆಂದು ಎಲ್ಲ ರೈತರೂ ಸೋತರು ಎನ್ನುವುದೂ ಸರಿಯಲ್ಲ. ಚನ್ನಗಿರಿಯಲ್ಲೇ ಅಡಿಕೆ ತೋಟದವರ ಕಥೆ ಬೇರೆ. ಲಾಕ್‌ಡೌನ್‌ನಲ್ಲಿ ವ್ಯಾಪಾರ ನಿಂತರೂ ಅಡಿಕೆ ಬೇಗ ಕೆಡುವ ಮಾಲಲ್ಲ, ಕಾಯಬಹುದು. ಹೊರದೇಶದ ಅಡಿಕೆ ಬರುವುದು ಕಡಿಮೆಯಾಗಿ, 2021ರ ಹೊತ್ತಿಗೆ ರಾಶಿ ಅಡಿಕೆ ಕ್ವಿಂಟಾಲ್‌ಗೆ 40,000 ರೂಪಾಯಿ ದಾಟಿತು. ನೀರಿದ್ದು ತೋಟ ಮಾಡಿದವರಿಗೆ ಅದೇ ಮಹಾಮಾರಿ ಲಾಭ ತಂದಿತು, ಪಕ್ಕದ ಬೆದ್ದಲು ಹೊಲದವರಿಗೆ ನಷ್ಟ ತಂದಿತು.